ಪಾಲವಣಕರ ಬಾಳೂ: ಆಟದ ಬಯಲಿನಲ್ಲಿ ನಡೆದ ನ್ಯಾಯವಿಚಾರ

ಆಟವೆಂಬುದು ಕಾಲಹರಣದ ಸಾಧನವೆಂದೂ, ಅದರ ಸುದ್ದಿಗೆ ಪತ್ರಿಕೆಯ ಈ ಪುಟದಲ್ಲಿ ಎಡೆಗೊಡುವುದು ಗಾಂಭೀರ್ಯಕ್ಕೆ ಕುಂದೆಂದೂ ನಮ್ಮ ವಾಚಕರಲ್ಲಿ ಕೆಲವರು ಎಣಿಸಬಹುದು. ಪಾಠಶಾಲೆಯಲ್ಲಿ ಓದಿ ಬೆಳೆದ ನಮಗೂ ಬಹುಕಾಲ ಅದೇ ಎಣಿಕೆಯಿದ್ದಿತು. ಆದರೆ ಒಂದು ಜನಾಂಗವು ತನ್ನ ಒಳಗುಣವನ್ನು ಸಭಾಮಂದಿರಗಳಲ್ಲಿ ಮರೆಮಾಚಬಹುದೇ ಹೊರತು ಆಟದ ಬಯಲಿನಲ್ಲಿ ಮರೆಮಾಚಲಾರದು ಎಂಬುದನ್ನು ಕಲಿಸುವ ಜೀವನಚರಿತ್ರೆಯೊಂದಿದೆ. ಅದು ಪಾಲವಣಕರ ಬಾಳೂ ಅವರದು. ಹಿಂದೂಸ್ಥಾನದ ಕ್ರಿಕೆಟ್ಟಿನಲ್ಲಿ ಮೊದಲ ಮಹಾಪುರುಷನೆನ್ನಿಸಿಕೊಳ್ಳಲು ಅರ್ಹರಾದ ಈ ಸದ್ಗೃಹಸ್ಥರು ಹುಟ್ಟಿದುದು ನಮ್ಮ ಧಾರವಾಡದಲ್ಲಿ, 1876ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ. ಅವರ ಮನೆತನದ ಮೂಲಸ್ಥಾನವು ಕೊಂಕಣದ ಪಾಲವಣ ಗ್ರಾಮ. ಅಡ್ಡಹೆಸರು ಬಂದುದೂ ಆ ಗ್ರಾಮದಿಂದಲೇ. ತಂದೆಗೆ ಸೈನ್ಯದ ಇಲಾಖೆಯಲ್ಲಿ ಕೆಲಸವಿದ್ದುದರಿಂದ ಸಂಸಾರವು ಧಾರವಾಡದಲ್ಲಿ ನಿಲ್ಲದೆ ಪುಣೆಗೆ ಹೋಯಿತು. ಆದಕಾರಣ ಅವರನ್ನು ನಮ್ಮವರೆಂದು ಹೇಳಿಕೊಳ್ಳುವುದರಲ್ಲಿ ನಮಗಿರುವ ಹಕ್ಕು ಜನ್ಮಭೂಮಿಯ ಹಕ್ಕು ಮಾತ್ರ. ಅಷ್ಟಾದರೂ ಇರುವಾಗ ಅವರ ಹೆಸರು ನಮ್ಮ ನಾಡಿನಲ್ಲಿ ಅಪರಿಚಿತವಾಗಿ ಉಳಿದಿರುವುದು ಸಮಂಜಸವಲ್ಲ.

ಬಾಳೂ ಅವರು ಚರ್ಮಕಾರ ಕುಲದಲ್ಲಿ ಹುಟ್ಟಿದವರು. ಆ ಕಾಲದ ಹಿಂದೂ ಸಮಾಜವು ಆ ಕುಲದವರನ್ನು ಅಸ್ಪೃಶ್ಯರೆಂದು ದೂರವಿರಿಸಿದ್ದಿತು. ಪುಣೆಯ ದಂಡಿನ ಪ್ರದೇಶದಲ್ಲಿ ಸೈನ್ಯಾಧಿಕಾರಿಗಳು ಆಡಿ ಬಿಟ್ಟ ಹಳೆಯ ಬ್ಯಾಟು ಚೆಂಡುಗಳನ್ನಿಟ್ಟುಕೊಂಡು ಬಾಳೂ ಮತ್ತು ಅವರ ತಮ್ಮ ಶಿವರಾಮರು ಈ ಆಟವನ್ನು ಕಲಿತರು. ಬಡತನದ ನಿಮಿತ್ತ ಬಾಳೂ ಅವರು ಎಳೆಯ ವಯಸ್ಸಿನಲ್ಲಿಯೇ ಸಂಪಾದನೆಗೆ ತೊಡಗಬೇಕಾಯಿತು. ಪಾರ್ಸಿಗಳ ಕ್ರಿಕೆಟ್ ಸಂಘವೊಂದರಲ್ಲಿ ಬಯಲನ್ನು ಗುಡಿಸುವುದು, ಉರುಳುಗಲ್ಲನ್ನೆಳೆದು ನೆಲವನ್ನು ಹದಮಾಡುವುದು, ಸದಸ್ಯರು ಕೇಳಿದಾಗ ಅವರಿಗೆ ಚೆಂಡೆಸೆಯುವುದು, ಇವು ಅವರ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಅವರು ಬಿಳಿಯರ ಪುಣೆ ಕ್ಲಬ್ಬಿಗೆ ಹೋದರು. ಅಲ್ಲಿ ಸಂಬಳವು 4 ರೂಪಾಯಿಗೆ ಏರಿತು. ಬಲೆಗಳನ್ನು ಕಟ್ಟುವುದು, ಟೆನ್ನಿಸ್ ಅಂಗಣಕ್ಕೆ ಸುಣ್ಣದ ಗೆರೆ ಎಳೆಯುವುದು, ಇವೇ ಮುಂತಾದ ಚಾಕರಿಗಳು ಹಿಂದಿನಂತೆಯೇ ಮುಂದುವರಿದುವು.

ಆ ಕ್ಲಬ್ಬಿನ ಸದಸ್ಯನೊಬ್ಬನು ಒಂದು ದಿನ ತನಗೆ ಚೆಂಡೆಸೆಯುವಂತೆ ಈ ಹುಡುಗನಿಗೆ ಹೇಳಿದನು. ಎಡಗೈಯ ನಿಧಾನವಾದ ಎಸೆತ. ಚೆಂಡು ನೆಲಕ್ಕೆ ಬಿದ್ದೊಡನೆ ಎತ್ತ ತಿರುಗುವುದೆಂಬುದನ್ನು ಎದುರಿನವನು ಊಹಿಸಲಾರದಂತಹ ಕೈಚಳಕ. ಸುದ್ದಿಯು ಬೇಗನೆ ಹರಡಿತು. ಬಿಳಿಯರಲ್ಲಿ ಶ್ರೇಷ್ಠ ಆಟಗಾರನೆಂದು ಪ್ರಸಿದ್ಧನಾಗಿದ್ದ ಕ್ಯಾಪ್ಟನ್ ಗ್ರೇಗನು ಉಳಿದವರಿಗಿಂತ ಒಂದು ಗಂಟೆ ಮುಂಚಿತವಾಗಿ ಬಂದು ಬಾಳೂ ಅವರ ಎಸೆತಕ್ಕೆ ಆಡಿ ಅಭ್ಯಾಸ ಮಾಡುತ್ತಿದ್ದನು. ತನ್ನನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಇನಾಮು ಕೊಡುತ್ತಿದ್ದನೆಂಬ ಪ್ರತೀತಿಯೂ ಉಂಟು. ಗ್ರೇಗನ ಕೀರ್ತಿ ಬೆಳೆದುದು ಈ ಅಭ್ಯಾಸದಿಂದ. ಬಾಳೂ ಅವರ ಕೈ ಪಳಗಿದುದೂ ಈ ಅಭ್ಯಾಸದಿಂದಲೇ. ಆದರೆ ಇಲ್ಲೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಆ ಬಲೆಯಲ್ಲಿ ಬಾಳೂ ಅವರು ಸಾವಿರಾರು ಚೆಂಡುಗಳನ್ನೆಸೆದರು. ಆದರೆ ಒಂದು ಸಲವಾದರೂ ಬ್ಯಾಟನ್ನು ಕೈಗೆ ಕೊಟ್ಟವರಿಲ್ಲ. ಬ್ಯಾಟು ಹಿಡಿಯುವುದು ದೊರೆಗಳ ವಿಲಾಸ, ಚೆಂಡೆಸೆದು ಬೆವರಿಳಿಸುವುದು ಆಳಿನ ಕೆಲಸ ಎಂಬ ಭೇದವು ಇಂಗ್ಲಿಷರ ಆಟದಲ್ಲಿ ಮೊದಲಿನಿಂದಲೂ ಇದ್ದಿತು. ನಮ್ಮ ಜಾತಿಭೇದವು ಅದರೊಡನೆ ಸುಲಭವಾಗಿ ಕೈಗೂಡಿಸಿತು.

ಇಷ್ಟರಲ್ಲಿ ಪುಣೆಯ ಹಿಂದೂಗಳು ತಮ್ಮದೇ ಆದ ತಂಡವನ್ನು ಕಟ್ಟಿ ಬಿಳಿಯರಿಗೆ ಸವಾಲು ಹಾಕಬೇಕೆಂದು ಹವಣಿಸಿದರು. ಊರಿನಲ್ಲಿ ಎಲ್ಲರಿಗಿಂತ ಉತ್ತಮನಾದ ಬೌಲರನು ಯಾರೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಆತನನ್ನು ಸೇರಿಸಿಕೊಳ್ಳಬೇಕೆ ಬೇಡವೆ ಎಂಬುದರ ಮೇಲೆ ದೊಡ್ಡ ವಾದವೇ ನಡೆಯಿತು. ಮಹಾರಾಷ್ಟ್ರದ ಬ್ರಾಹ್ಮಣ ಸದಸ್ಯರು ವಿರೋಧಿಸಿದರು. ತಂಡದಲ್ಲಿದ್ದ ತೆಲುಗರು ಬೇಕೆಂದರು. ಕಡೆಗೆ ಗೆಲ್ಲಬೇಕೆಂಬ ಆಸೆಯು ಮಡಿಯನ್ನು ಜಯಿಸಿತು; ಅದೂ ಅರ್ಧಕ್ಕೆ ಮಾತ್ರ. ಬಯಲಿನೊಳಗೆ ಬಾಳೂ ಅವರು ಮುಟ್ಟಿದ ಚೆಂಡನ್ನು ಉಳಿದ ಹತ್ತು ಮಂದಿಯೂ ಮುಟ್ಟಿದರು. ಚಹದ ವೇಳೆಗೆ ಆ ಹತ್ತು ಮಂದಿ ಮಂಟಪದೊಳಗೆ ಕುಳಿತು ಪಿಂಗಾಣಿಯ ಬಟ್ಟಲುಗಳಲ್ಲಿ ಚಹ ಕುಡಿಯುತ್ತಿದ್ದರು. ಅವರಿಗೆ ಗೆಲವನ್ನು ತಂದುಕೊಡುತ್ತಿದ್ದ ಹನ್ನೊಂದನೆಯವನಿಗೆ ಮಂಟಪದ ಹೊರಗೆ, ಕುಡಿದ ಮೇಲೆ ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಕೈಕಾಲು ತೊಳೆಯಲು ನೀರು ಬೇಕಾದರೆ ಅದೇ ವರ್ಗದ ಸೇವಕನೊಬ್ಬನು ಬಂದು ಹೊಯ್ಯಬೇಕು. ಇದನ್ನೆಲ್ಲ ಸಹಿಸಿಕೊಂಡು ಬಾಳೂ ಅವರು ಮರಳಿ ಬಯಲಿಗೆ ಹೋಗಿ ಅವರಿಗಾಗಿಯೇ ಚೆಂಡೆಸೆಯುತ್ತಿದ್ದರು.

ಪುಣೆಯ ಬಿಳಿಯರು ಸೋತರು. ಸಾತಾರೆಯ ಬಿಳಿಯರು ಈ ಬೌಲರನ ಆಟವನ್ನು ಕೆಡಿಸುವುದಕ್ಕಾಗಿ ತಮ್ಮ ನೆಲವನ್ನು ವಾರಕಾಲ ಉರುಳುಗಲ್ಲಿನಿಂದ ಗಟ್ಟಿಮಾಡಿಸಿದರಂತೆ. ಆದರೂ ಬಾಳೂ ಅವರು ಏಳು ವಿಕೆಟ್ಟುಗಳನ್ನು ಕೆಡಹಿ ತಂಡವನ್ನು ಗೆಲ್ಲಿಸಿದರು. ಆ ಸಂದರ್ಭದಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು, ಬಾಳೂ ಅವರೊಡನೆ ಕೂಡಿ ಆಡಲು ಸಿದ್ಧರಿರುವವರು ಅವರೊಡನೆ ಕೂಡಿ ಉಣ್ಣಲೂ ಕುಡಿಯಲೂ ಸಿದ್ಧರಿರಬೇಕೆಂದು ಹಿಂದೂ ಆಟಗಾರರಿಗೆ ಬುದ್ಧಿ ಹೇಳಿದರೆಂದು ಬಲ್ಲವರು ಬರೆದಿದ್ದಾರೆ. ಅಷ್ಟು ಸರಳವಾದ ಮಾತನ್ನು ತಿಳಿಸಲು ಅಷ್ಟು ದೊಡ್ಡ ನ್ಯಾಯಾಧೀಶರೇ ಬೇಕಾಯಿತೆಂಬುದು ಆ ಕಾಲದ ಸ್ಥಿತಿಯನ್ನು ತೋರಿಸುತ್ತದೆ.

1896ರಲ್ಲಿ ಪುಣೆಗೆ ಮಹಾಮಾರಿಯಾದ ಪ್ಲೇಗು ಬಂದಿತು. ಬಾಳೂ ಅವರು ಮುಂಬಯಿಯನ್ನು ಸೇರಿ ಮೊದಲು ಸೈನ್ಯದಲ್ಲಿಯೂ ಆಮೇಲೆ ರೈಲ್ವೆಯಲ್ಲಿಯೂ ನೌಕರಿ ಹಿಡಿದರು. ಅಲ್ಲಿಯ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನೆಯು ಆಗಷ್ಟೇ ಹುಟ್ಟಿದ್ದ ಸಂಸ್ಥೆ. ಇವರನ್ನು ಸೇರಿಸಿಕೊಳ್ಳಲು ಅಲ್ಲಿಯೂ ಕೆಲವರ ಆಕ್ಷೇಪಣೆಯಿದ್ದಿತು; ಕೀರ್ತಿಕರರೆಂಬ ಮುಖಂಡರು ಹಟಹಿಡಿದು ಸೇರಿಸಿಕೊಂಡರು. 1901ರಲ್ಲಿ ಬಂಗಾಲದ ನಾಟೋರ ಮಹಾರಾಜರು ಇವರನ್ನು ತಮ್ಮ ತಂಡಕ್ಕೆ ಕರೆಸಿಕೊಂಡರು. ಹೀಗೆ ಕೀರ್ತಿಯು ಪ್ರಾಂತದಿಂದ ಪ್ರಾಂತಕ್ಕೆ ಹಬ್ಬಿತು. ದಿನವೆಲ್ಲ ಎಸೆದರೂ ದಣಿಯದ ದೇಹ, ಎರಡು ಕಡೆಗೂ ತಿರುಗುವ ಚೆಂಡು, ಗಾಳಿಯಲ್ಲಿ ಅದನ್ನು ತೇಲಿಬಿಟ್ಟು ಎದುರಾಳಿಯನ್ನು ಮುಂದಕ್ಕೆ ಸೆಳೆಯುವ ಉಪಾಯ, ಎಸೆತದ ವೇಗವನ್ನು ಕಣ್ಣಿಗೆ ಕಾಣದಂತೆ ಹೆಚ್ಚುಕಡಿಮೆ ಮಾಡುವ ಜಾಣ್ಮೆ, ಇವು ಅವರ ವಿದ್ಯೆಯ ಅಂಗಗಳಾಗಿದ್ದುವು. ಇಂಗ್ಲೆಂಡಿನ ವಿಲ್‌ಫ್ರೆಡ್ ರೋಡ್ಸನಿಗೆ ಅವರನ್ನು ಹೋಲಿಸುತ್ತಿದ್ದರು.

1906ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಬಿಳಿಯರಿಗೂ ನಡೆದ ಪಂದ್ಯವು ಚಿರಸ್ಮರಣೀಯವಾದುದು. ಹಿಂದಿನ ವರ್ಷ ಬಂಗಾಲದ ವಿಭಜನೆಯಾಗಿದ್ದಿತು. ಸ್ವದೇಶೀ ಚಳುವಳಿಯು ದೇಶದಲ್ಲೆಲ್ಲ ಪ್ರಜ್ವಲಿಸುತ್ತಿದ್ದಿತು. ಏಷ್ಯಾದ ಜಪಾನು ಯೂರೋಪಿನ ರಷ್ಯಾವನ್ನು ಸೋಲಿಸಿದ ವಾರ್ತೆಯು ಎಲ್ಲರ ಬಾಯಲ್ಲಿದ್ದಿತು. ಹಿಂದೂಗಳು ಮೊದಲ ಆಟದಲ್ಲಿ 242, ಎರಡನೆಯದರಲ್ಲಿ 160 ಓಟಗಳನ್ನು ಕೂಡಿಸಿದರು. ಬಿಳಿಯರು 191 ಮತ್ತು 102ಕ್ಕೆ ಮುಗಿದರು. 109 ಓಟಗಳ ಗೆಲವು. ಗೆದ್ದ ತಂಡದಲ್ಲಿ ಬಾಳೂ, ಶಿವರಾಮ ಸಹೋದರರಿಬ್ಬರೂ ಇದ್ದರು. ಬಾಳೂ ಅವರ ಎಸೆತವೇ ಈ ಗೆಲವಿನ ಮುಖ್ಯಾಧಾರವಾಗಿದ್ದಿತು. ಆಳುವವರನ್ನು ಅವರ ಆಟದಲ್ಲಿಯೇ ಸೋಲಿಸಿದೆವೆಂದು ದೇಶಾಭಿಮಾನಿಗಳು ಹಿಗ್ಗಿದರು, ಹಿಗ್ಗಿದುದು ತಪ್ಪಲ್ಲ. ಆದರೆ ಆ ಕಾಲದ ಸಮಾಜಸುಧಾರಕರು ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದರು. ಪುಣೆಯಲ್ಲಿ ಮಂಟಪದ ಹೊರಗೆ ನಿಂತಿದ್ದ ಚರ್ಮಕಾರ ಸಹೋದರರಿಗೆ ಮುಂಬಯಿಯ ಹಿಂದೂ ಜಿಮಖಾನೆಯಲ್ಲಿ ಒಳಗೆ ಪ್ರವೇಶವೂ ಪಂಕ್ತಿಯಲ್ಲಿ ಸ್ಥಾನವೂ ದೊರೆತಿದ್ದುವು. ನಮ್ಮ ಮಟ್ಟಿಗೆ ಆ ವರ್ಷದ ದೊಡ್ಡ ಗೆಲವು ಬಯಲಿನಲ್ಲಿ ಆದುದಲ್ಲ, ಊಟದ ಕೋಣೆಯಲ್ಲಿ ಆದುದು.

1911ರಲ್ಲಿ ಹಿಂದೂಸ್ಥಾನದ ಮೊದಲನೆಯ ಸಂಯುಕ್ತ ತಂಡವು ಇಂಗ್ಲೆಂಡಿಗೆ ಹೊರಟಿತು. ಪಾರ್ಸಿಗಳು, ಹಿಂದೂಗಳು, ಮುಸಲ್ಮಾನರು ಕೂಡಿದ್ದ ಈ ತಂಡಕ್ಕೆ ಪಟಿಯಾಲೆಯ ತರುಣ ಮಹಾರಾಜರಾದ ಭೂಪೀಂದ್ರ ಸಿಂಗರು ನಾಯಕರು. ನಮ್ಮ ಮೈಸೂರು ಸೀಮೆಯ ಜಯರಾಮರೂ ಅದರಲ್ಲಿದ್ದರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಮಹಾರಾಜರು ವಿಲಾಯತಿಯ ಔತಣಕೂಟಗಳಲ್ಲಿ ಮಗ್ನರಾಗಿ ಬಯಲಿಗೆ ಬಂದುದು ಕೆಲವು ಸಲ ಮಾತ್ರ. ಮೊದಲ ದರ್ಜೆಯ 14 ಪಂದ್ಯಗಳಲ್ಲಿ ತಂಡವು 10ರಲ್ಲಿ ಸೋತಿತು, ಎರಡರಲ್ಲಿ ಮಾತ್ರ ಗೆದ್ದಿತು. ಈ ಸೋಲುಗಳ ನಡುವೆ ತಲೆಯೆತ್ತಿ ನಿಂತವರು 35 ವರ್ಷದ ಬಾಳೂ. ನೋಯುತ್ತಿದ್ದ ತೋಳಿನಿಂದಲೇ ಪ್ರವಾಸದ ಎಲ್ಲ ಪಂದ್ಯಗಳಲ್ಲಿ ಕೂಡಿ 114 ವಿಕೆಟ್ಟುಗಳನ್ನು ಅವರು ಪಡೆದರು; ಅವುಗಳಲ್ಲಿ 75 ಮೊದಲ ದರ್ಜೆಯ ಪಂದ್ಯಗಳಲ್ಲಿ ಬಂದವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಆಟದಲ್ಲಿ 103 ಓಟಗಳನ್ನಿತ್ತು 8 ವಿಕೆಟ್ಟು. ಲೀಸ್ಟರ್‌ಶೈರನ್ನು ಸೋಲಿಸಿದ ಪಂದ್ಯದಲ್ಲಿ ಎರಡು ಆಟಗಳಿಂದ 11 ವಿಕೆಟ್ಟು. ಸಾಮರ್‌ಸೆಟ್ಟಿನ ವಿರುದ್ಧ ಒಂದೇ ವಿಕೆಟ್ಟಿನ ಅಂತರದಿಂದ ಗೆದ್ದ ರೋಮಾಂಚಕಾರಿಯಾದ ಪಂದ್ಯದಲ್ಲಿ ಶತಕ ಬಾರಿಸಿ ಕಡೆಯವರೆಗೂ ನಿಂತವರು ತಮ್ಮ ಶಿವರಾಮರು. ರಾಜಮಹಾರಾಜರು ಕೂಡಿದ್ದ ತಂಡದ ಮಾನವನ್ನು ಉಳಿಸಿದವರು ಊರ ಹೊರಗಿನ ಕೇರಿಯ ಈ ಸಹೋದರರು.

ತಾಯ್ನಾಡಿಗೆ ಮರಳಿದಾಗ ಮುಂಬಯಿಯ ದಲಿತ ವರ್ಗದವರು ಬಾಳೂ ಅವರಿಗೆ ಸನ್ಮಾನಸಭೆಯನ್ನೇರ್ಪಡಿಸಿದರು. ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡಕರರು ಅದರಲ್ಲಿ ಪಾಲುಗೊಂಡಿದ್ದರು. ಮುಂದೆ ಇಡೀ ದೇಶದ ನ್ಯಾಯಬುದ್ಧಿಯನ್ನು ಎಚ್ಚರಿಸಿದ ಆ ಮಹಾಶಯರಿಗೆ ತಾರುಣ್ಯದಲ್ಲಿ ಅಭಿಮಾನದ ಮೂರ್ತಿಯಾಗಿದ್ದವರು ಈ ಆಟಗಾರರು.

ಇನ್ನು ನಾಯಕತ್ವದ ಪ್ರಕರಣ. ಬಾಳೂ, ಶಿವರಾಮ, ಗಣಪತಿ, ವಿಠ್ಠಲ, ಈ ನಾಲ್ವರು ಸಹೋದರರೂ ಹಿಂದೂಗಳ ತಂಡಕ್ಕಾಗಿ ಆಡಿದವರು. ಅನುಭವದಲ್ಲಿಯೂ ಸಾಧನೆಯಲ್ಲಿಯೂ ಬಾಳೂ ಅವರೇ ಹಿರಿಯರು. ಆದರೆ ನಾಯಕನನ್ನು ಆರಿಸುವ ಪ್ರಸಂಗ ಬಂದಾಗಲೆಲ್ಲ ಆಯ್ಕೆಯ ಮಂಡಲಿಯವರ ಕಣ್ಣು ಬೇರೆಡೆಗೆ ಹೊರಳುತ್ತಿತ್ತು. 1913ರಲ್ಲಿ ನಾಯಕರಾದ ಎಂ. ಡಿ. ಪೈಯವರು ತಮಗೆ ಮಾಡಿದ ಸತ್ಕಾರದ ಸಭೆಯಲ್ಲಿಯೇ, ಈ ಗೌರವವು ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾಗಿದ್ದಿತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಪೈಯವರ ಈ ಸತ್ಯನಿಷ್ಠೆಯನ್ನು ನಾವು ಮೆಚ್ಚುತ್ತೇವೆ. ಆದರೆ ಮಂಡಲಿಯು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

1920ರಲ್ಲಿ ವಿಷಯವು ಹಣ್ಣಾಯಿತು. ಪೈಯವರು ಅಸ್ವಸ್ಥರಾಗಿದ್ದರು. ಬಾಳೂ ಅವರನ್ನು ತಂಡದಿಂದಲೇ ಬಿಡಲಾಯಿತು. ನಾಯಕತ್ವವನ್ನು ವಿಠ್ಠಲರಿಗೂ ಕೊಡದೆ, ಅವರಿಗಿಂತ ಕಿರಿಯರಾದ ದೇವಧರರಿಗೆ ಕೊಟ್ಟರು. ದೇವಧರರು ಉತ್ತಮ ಆಟಗಾರರೆಂಬುದರಲ್ಲಿ ಸಂಶಯವಿಲ್ಲ. ತಪ್ಪು ಅವರದಲ್ಲ, ಆರಿಸಿದವರದು. ವಿಠ್ಠಲ ಮತ್ತು ಶಿವರಾಮರು ತಂಡವನ್ನು ಬಿಟ್ಟು ಹೊರಬಂದು, ತಮ್ಮನ್ನು ಹಿಂದಿಕ್ಕಲು ಕುಲವೇ ಕಾರಣವೆಂದು ಪತ್ರಿಕೆಗಳ ಮೂಲಕ ಜನತೆಗೆ ನಿವೇದಿಸಿಕೊಂಡರು. ಅದೇ ವರ್ಷದ ಕೊನೆಯಲ್ಲಿ ನಾಗಪುರದ ಕಾಂಗ್ರೆಸ್ಸು ಅಸ್ಪೃಶ್ಯತೆಯ ಕಳಂಕವನ್ನು ತೊಡೆಯಬೇಕೆಂದು ಹಿಂದೂ ಸಮಾಜವನ್ನು ಕೇಳಿಕೊಂಡಿತೆಂಬುದನ್ನು ನೆನೆದರೆ, ಆ ಕಾಲದ ಗಾಳಿ ಯಾವ ಕಡೆಗೆ ಬೀಸುತ್ತಿದ್ದಿತೆಂಬುದು ತಿಳಿಯುತ್ತದೆ. ಜನಾಭಿಪ್ರಾಯವು ಸಹೋದರರ ಕಡೆಗೆ ತಿರುಗಿತು. ಮಂಡಲಿಯು ಬಗ್ಗಬೇಕಾಯಿತು. ಪಾರ್ಸಿಗಳೊಡನೆ ನಡೆದ ಅಂತಿಮ ಪಂದ್ಯಕ್ಕೆ ಪೈಯವರು ನಾಯಕರಾಗಿ ಮರಳಿದರು. ಸಹೋದರರನ್ನು ಮತ್ತೆ ಸೇರಿಸಿಕೊಂಡು ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. ಪಂದ್ಯದ ನಡುವೆ ಪೈಯವರು ಕೆಲಹೊತ್ತು ಬೇಕೆಂದೇ ಬಯಲಿನಿಂದ ಹೊರಗುಳಿದು, ಬಾಳೂ ಅವರು ತಂಡವನ್ನು ನಡೆಸುವಂತೆ ಅವಕಾಶ ಮಾಡಿಕೊಟ್ಟರು. ಇಪ್ಪತ್ತು ವರ್ಷಗಳಿಗೂ ಮೀರಿದ ಸೇವೆಗೆ ದೊರೆತ ನಾಯಕತ್ವವು ಆ ಕೆಲವು ಗಳಿಗೆಗಳದು ಮಾತ್ರ! ಅದು ಅವರ ಕಡೆಯ ಕಾಲ. ಅಂದಿಗೆ ಮೊದಲ ದರ್ಜೆಯ 33 ಪಂದ್ಯಗಳಲ್ಲಿ ಅವರ ಲೆಕ್ಕಕ್ಕೆ 179 ವಿಕೆಟ್ಟುಗಳಾಗಿದ್ದುವು. ವಿಕೆಟ್ಟೊಂದಕ್ಕೆ ಕೊಟ್ಟ ಓಟಗಳು ಸರಾಸರಿ 15.21.

ಅಣ್ಣನಿಗೆ ದೊರೆಯದುದು ತಮ್ಮನಿಗೆ ದೊರೆಯಿತು. 1923ರಲ್ಲಿ ವಿಠ್ಠಲರು ನಾಯಕರಾದರು. ಆ ವರ್ಷ ಅವರ ನಾಯಕತ್ವದಲ್ಲಿ ಹಿಂದೂಗಳು ಬಿಳಿಯರನ್ನು ಸೋಲಿಸಿದರು. ಗೆದ್ದ ನಾಯಕನನ್ನು ಜನರು ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಟ್ಟಬಾರದೆಂದು ಶಾಸ್ತ್ರ ಹೇಳಿದವರ ಮಕ್ಕಳೂ ಆ ಹೆಗಲುಗಳಲ್ಲಿ ಇದ್ದಿರಬೇಕಲ್ಲವೆ?

ಬಾಳೂ ಅವರ ಜೀವನವು ಆಟದೊಡನೆ ಮುಗಿಯಲಿಲ್ಲ. 1932ರ ಜೂನಿನಲ್ಲಿ ಹಿಂದೂಸ್ಥಾನವು ತನ್ನ ಮೊದಲ ಅಧಿಕೃತ ಟೆಸ್ಟ್ ಪಂದ್ಯವನ್ನು ಲಾರ್ಡ್ಸಿನಲ್ಲಿ ಆಡಿದಾಗ ಅವರಿಗೆ 56 ವಯಸ್ಸು. ಆ ಭಾಗ್ಯವು ಅವರಿಗೆ ತಪ್ಪಿಹೋಗಿದ್ದಿತು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿಯು ದಲಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಸಾರಿ, ಸೆಪ್ಟೆಂಬರ್ 20ರಂದು ಗಾಂಧೀಜಿಯವರು ಯೆರವಡೆಯ ಸೆರೆಮನೆಯಲ್ಲಿ ಉಪವಾಸವನ್ನಾರಂಭಿಸಿದಾಗ, ಸಂಧಾನಕ್ಕಾಗಿ ಓಡಾಡಿದವರಲ್ಲಿ ಬಾಳೂ ಅವರೂ ಒಬ್ಬರು. ಮದರಾಸಿನ ಎಂ. ಸಿ. ರಾಜಾ ಅವರೊಡನೆ ಕೂಡಿ ಅವರು ಡಾಕ್ಟರ್ ಅಂಬೇಡಕರರನ್ನು ಒಡಂಬಡಿಸಲು ಯತ್ನಿಸಿದರು. ಸೆಪ್ಟೆಂಬರ್ 24ರಂದು ಆದ ಪುಣೆಯ ಒಪ್ಪಂದಕ್ಕೆ ರುಜು ಹಾಕಿದವರ ಪಟ್ಟಿಯಲ್ಲಿ ಬಾಳೂ ಅವರ ಹೆಸರಿದೆ. ಯಾವ ಪುಣೆಯಲ್ಲಿ ಮಣ್ಣಿನ ಕುಡಿಕೆಯನ್ನು ಹಿಡಿದು ಹೊರಗೆ ನಿಂತಿದ್ದರೋ ಆ ಪುಣೆಯ ಹೆಸರಿನ ಒಪ್ಪಂದಕ್ಕೇ ಅವರು ಅಂಕಿತ ಹಾಕಿದರು.

ಇಲ್ಲಿಂದ ಮುಂದೆ ಹಳೆಯ ಅಭಿಮಾನಿಯಾದ ಅಂಬೇಡಕರರಿಗೂ ಇವರಿಗೂ ದಾರಿ ಬೇರೆಯಾಯಿತು. 1935ರಲ್ಲಿ ಡಾಕ್ಟರರು ತಾವು ಹಿಂದೂವಾಗಿ ಸಾಯೆನೆಂದು ಸಾರಿದಾಗ ಬಾಳೂ ಅವರು ಅದನ್ನೊಪ್ಪಲಿಲ್ಲ. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅಂಬೇಡಕರರ ವಿರುದ್ಧ ಬಾಳೂ ಅವರನ್ನೇ ನಿಲ್ಲಿಸಿತು. ಅಂಬೇಡಕರರಿಗೆ 13,245 ಮತಗಳೂ ಬಾಳೂ ಅವರಿಗೆ 11,225 ಮತಗಳೂ ಬಂದುವು. ರಾಷ್ಟ್ರೀಯ ಪಕ್ಷದ ಅಭಿಮಾನಿಗಳಾದ ನಾವು ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಒಂದೇ ಅನ್ಯಾಯವನ್ನುಂಡ ಇಬ್ಬರು ಹಿರಿಯರನ್ನು ಒಬ್ಬರಿಗೊಬ್ಬರು ಎದುರಾಳಿಗಳನ್ನಾಗಿ ಮಾಡಿದುದು ರಾಜನೀತಿಯ ದೃಷ್ಟಿಯಿಂದ ಜಾಣತನವಾಗಿದ್ದಿರಬಹುದು. ಶೋಭೆಯ ಕಾರ್ಯವೆಂದು ನಮಗೆ ತೋರುವುದಿಲ್ಲ. ಇಬ್ಬರೂ ಬಯಸಿದುದು ಒಂದನ್ನೇ. ಒಬ್ಬರು ಮನೆಯೊಳಗೇ ಇದ್ದು ಬಾಗಿಲನ್ನು ಅಗಲಿಸಬಹುದೆಂದು ನಂಬಿದರು. ಇನ್ನೊಬ್ಬರು, ತೆರೆಯದ ಬಾಗಿಲ ಮುಂದೆ ಎಷ್ಟು ಕಾಲ ನಿಲ್ಲುವುದೆಂದು ಕೇಳಿದರು. ಬಾಳೂ ಅವರ ಜೀವನವನ್ನೇ ಓದಿದವನಿಗೆ ಎರಡು ಪಕ್ಷಕ್ಕೂ ಸಾಕ್ಷ್ಯ ದೊರೆಯುತ್ತದೆ: ಪುಣೆಯ ಮಂಟಪದಿಂದ ಮುಂಬಯಿಯ ಪಂಕ್ತಿಯವರೆಗಿನ ಪ್ರಗತಿಯು ಮೊದಲನೆಯದಕ್ಕೆ, ಕಡೆಯವರೆಗೂ ಬಾರದ ನಾಯಕತ್ವವು ಎರಡನೆಯದಕ್ಕೆ.

1955ರ ಜುಲೈ 4ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ದೇಶವು ಸ್ವತಂತ್ರವಾಗಿದ್ದಿತು. ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯು 1950ರಿಂದ ಸಂವಿಧಾನದಲ್ಲಿ ನೆಲೆಗೊಂಡಿದ್ದಿತು. ಆ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದವರು ಅಂದು ಸನ್ಮಾನಸಭೆಗೆ ಬಂದಿದ್ದ ವಿದ್ಯಾರ್ಥಿಯೇ. ಇಷ್ಟನ್ನು ಕಣ್ಣಾರೆ ಕಂಡು ಬಾಳೂ ಅವರು ಹೋದರೆಂಬುದು ಸಮಾಧಾನದ ವಿಷಯ.

ನಮ್ಮ ವಾಚಕರಲ್ಲಿ ಅಧಿಕಾರಿಗಳಿದ್ದಾರೆ, ಸಂಘಸಂಸ್ಥೆಗಳನ್ನು ನಡೆಸುವವರಿದ್ದಾರೆ, ಆರಿಸುವ ಮಂಡಲಿಗಳಲ್ಲಿ ಕುಳಿತುಕೊಳ್ಳುವವರಿದ್ದಾರೆ. ಬಾಳೂ ಅವರನ್ನು ತುಳಿದವರು ದುಷ್ಟರೇನೂ ಅಲ್ಲ. ಇಂತಹ ಸಂಭಾವಿತರೇ ಆಗಿದ್ದರು. ಅವರು ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ವರ್ಷವರ್ಷವೂ ಸಭೆ ಸೇರಿ, ಅರ್ಹನ ಹೆಸರನ್ನು ಬಿಟ್ಟು ಮುಂದಿನ ಹೆಸರನ್ನು ಬರೆದರು, ಅಷ್ಟೆ. ಅನ್ಯಾಯವು ಬಹುಮಟ್ಟಿಗೆ ನಡೆಯುವುದು ಹೀಗೆಯೇ. ಪೈಯವರಂತೆ ಸತ್ಯವನ್ನು ಸಭೆಯಲ್ಲಿ ಹೇಳುವವರು ಕೆಲವರಾದರೂ ಇರುತ್ತಾರೆ. ಅವರ ಮಾತನ್ನು ಕೇಳುವವರು ಇರಬೇಕು. ಧಾರವಾಡದ ಬಯಲುಗಳಲ್ಲಿ ಚೆಂಡಾಡುವ ಹುಡುಗರಿಗೆ ಈ ಊರಿನಲ್ಲಿ ಹುಟ್ಟಿದ ಆ ಎಡಗೈಯ ಬೌಲರನ ಹೆಸರನ್ನು ಹಿರಿಯರು ಹೇಳಿಕೊಡಲಿ. ಆಟ ಮುಗಿದ ಮೇಲೆ ಎಲ್ಲರಿಗೂ ಒಂದೇ ಬಗೆಯ ಬಟ್ಟಲಿನಲ್ಲಿ ಚಹ ಕೊಡುವುದನ್ನೂ ಅವರು ಮರೆಯದಿರಲಿ.